ವಿಭೂತಿಹಳ್ಳಿಯ ಕಲ್ಲುಸಾಲುಗಳೂ ಖಗೋಳವಿಜ್ಞಾನದ ಮೊದಲ ಪಾಠವೂ: ಒಂದು ವಿಮರ್ಶೆ

೧

ಖಗೋಳವಿಜ್ಞಾನವನ್ನು ಹೊಸದಾಗಿ ಕಲಿಯಬಯಸುವ ವಿದ್ಯಾರ್ಥಿಗೆ ನಾವು ಸಾಮಾನ್ಯವಾಗಿ ಕೊಡುವುದು ಬೆರಗನ್ನು. ಸೂರ್ಯನು ಭೂಮಿಯಿಂದ ಸುಮಾರು 15 ಕೋಟಿ ಕಿಲೋಮೀಟರು ದೂರದಲ್ಲಿರುವನೆಂದೂ, ಅವನ ಬೆಳಕು ನಮ್ಮನ್ನು ಮುಟ್ಟುವುದಕ್ಕೆ ಎಂಟು ನಿಮಿಷಗಳಿಗೂ ಮಿಕ್ಕಿ ಹಿಡಿಯುವುದೆಂದೂ ಹೇಳುತ್ತೇವೆ. ವಿದ್ಯಾರ್ಥಿಯು ಬಾಯಿ ತೆರೆದು ಕೇಳುತ್ತಾನೆ, ಬರೆದುಕೊಳ್ಳುತ್ತಾನೆ, ಪರೀಕ್ಷೆಯಲ್ಲಿ ಒಪ್ಪಿಸುತ್ತಾನೆ. ಈ ಸಂಖ್ಯೆ ಯಾರಿಗೆ ಹೇಗೆ ತಿಳಿಯಿತು, ಅದು ತಪ್ಪಾಗಿದ್ದ ಪಕ್ಷದಲ್ಲಿ ತಪ್ಪೆಂದು ಗೊತ್ತಾಗುತ್ತಿದ್ದ ಬಗೆ ಯಾವುದು ಎಂಬ ಪ್ರಶ್ನೆಗಳು ಏಳುವುದೇ ಇಲ್ಲ. ಅವನ ಅಜ್ಜನು ಪುರಾಣದಲ್ಲಿ ಕೇಳಿದ ಯೋಜನಗಳ ಲೆಕ್ಕವನ್ನು ಯಾವ ರೀತಿಯಲ್ಲಿ ನಂಬಿದ್ದನೋ, ಮೊಮ್ಮಗನು ಕಿಲೋಮೀಟರುಗಳ ಲೆಕ್ಕವನ್ನು ಅದೇ ರೀತಿಯಲ್ಲಿ ನಂಬುತ್ತಾನೆ. ನಂಬಿಕೆಯ ವಸ್ತು ಬದಲಾಯಿತು. ನಂಬುವ ರೀತಿ ಮಾತ್ರ ಹಾಗೆಯೇ ಉಳಿಯಿತು.

ಇತಿಹಾಸದ ಅಧ್ಯಾಪಕರಾದ ನಾವು ಈ ವಿಷಯಕ್ಕೆ ಕೈಹಾಕುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ವಿಜ್ಞಾನವು ನಡೆಯುವ ಬಗೆಯನ್ನು ತಿಳಿಯಲು ವಿಜ್ಞಾನದ ಇತಿಹಾಸಕ್ಕಿಂತ ಸುಲಭವಾದ ದಾರಿ ಇನ್ನೊಂದಿಲ್ಲ. ಅದಕ್ಕೆ ಬೇಕಾದ ಸಾಮಗ್ರಿಯು ನಮ್ಮ ಶಹಾಪುರದ ಸುತ್ತಮುತ್ತಲೇ ಇದೆ. ಪಟ್ಟಣಕ್ಕೆ ಸಮೀಪದ ವಿಭೂತಿಹಳ್ಳಿಯಲ್ಲಿ ಬಂಡೆಗಳನ್ನು ಸಾಲುಸಾಲಾಗಿ ಇಟ್ಟಿರುವ ಪ್ರಾಚೀನ ನಿವೇಶನವೊಂದಿದೆ. ಇದು ನಮ್ಮ ಪೂರ್ವಿಕರ ‘ವೇಧಶಾಲೆ’ ಎಂಬ ಮಾತು ಈಚಿನ ವರ್ಷಗಳಲ್ಲಿ ಪ್ರವಾಸೀ ಬರಹಗಳಲ್ಲಿಯೂ ಸಭೆಯ ಭಾಷಣಗಳಲ್ಲಿಯೂ ನಿಸ್ಸಂದೇಹವಾದ ಸಂಗತಿಯಂತೆ ಬರುತ್ತಿದೆ. ಈ ಮಾತಿನ ಹಿಂದಿರುವ ವಿದ್ವಾಂಸರ ಕೆಲಸವನ್ನು ಪರಿಶೀಲಿಸುವುದೂ, ಆ ಪರಿಶೀಲನೆಯಿಂದ ವಿದ್ಯಾರ್ಥಿಯು ಏನು ಕಲಿಯಬಹುದೆಂಬುದನ್ನು ವಿಚಾರಿಸುವುದೂ ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಎಲ್ಲರಿಗೂ ಪರಿಚಿತವಾದ ಒಂದು ನಿದರ್ಶನ. ಶಹಾಪುರದ ಬೆಟ್ಟಸಾಲನ್ನು ನೋಡಿದವರು ಅಲ್ಲಿ ಬುದ್ಧನು ಅಂಗಾತ ಮಲಗಿರುವುದನ್ನು ಕಾಣುತ್ತಾರೆ. ಹಣೆ, ಮೂಗು, ತುಟಿ, ಎದೆ ಎಲ್ಲವೂ ಸ್ಪಷ್ಟವಾಗಿವೆ. ಹೊಸದಾಗಿ ಬಂದವರಿಗೆ ಒಮ್ಮೆ ತೋರಿಸಿಕೊಟ್ಟರೆ ಸಾಕು, ಆಮೇಲೆ ಅವರು ಅದನ್ನು ಕಾಣದೆ ಇರಲಾರರು. ಆದರೆ ರಸ್ತೆಯಲ್ಲಿ ಸ್ವಲ್ಪ ದೂರ ಮುಂದೆ ನಡೆದರೆ ಮೂಗು ಎದೆಯಿಂದ ಬೇರ್ಪಟ್ಟು, ಒಂದೊಂದು ಗುಡ್ಡವೂ ತನ್ನ ಪಾಡಿಗೆ ತಾನು ನಿಲ್ಲುತ್ತದೆ. ಅಲ್ಲಿರುವುದು ಬೇರೆಬೇರೆ ದೂರದಲ್ಲಿರುವ ಗುಡ್ಡಗಳು. ಅವನ್ನು ಒಂದು ಆಕೃತಿಯಾಗಿ ಕೂಡಿಸಿದ್ದು ನಾವು ನಿಂತ ಸ್ಥಳ ಮತ್ತು ನಮ್ಮ ಕಣ್ಣು.

ಆಕಾಶದ ಸಪ್ತರ್ಷಿಮಂಡಲವೂ ಇಂತಹುದೇ. ಅದರ ಏಳು ನಕ್ಷತ್ರಗಳು ಭೂಮಿಯಿಂದ ಒಂದೇ ದೂರದಲ್ಲಿಲ್ಲ. ಬಹು ದೂರದ ಬೇರೊಂದು ನಕ್ಷತ್ರದ ಬಳಿಯಿಂದ ನೋಡುವವನಿಗೆ ಆ ಆಕೃತಿ ಕಾಣುವುದಿಲ್ಲ. ಆದುದರಿಂದ ಆಕೃತಿಯೊಂದು ಕಂಡಿತೆಂಬುದು ವಿಚಾರದ ಆರಂಭವೇ ಹೊರತು ಮುಕ್ತಾಯವಾಗದು. ನೋಡುವವನು ಸ್ಥಳ ಬದಲಾಯಿಸಿದಾಗಲೂ ಅದು ಉಳಿಯುತ್ತದೆಯೇ ಎಂದು ಕೇಳುವುದೇ ಪರೀಕ್ಷೆಯ ಮೊದಲ ಹೆಜ್ಜೆ. ಬೆಟ್ಟದ ಬುದ್ಧನ ವಿಷಯದಲ್ಲಿ ಈ ಪ್ರಶ್ನೆಯನ್ನು ನಾವು ನಗುತ್ತ ಒಪ್ಪುತ್ತೇವೆ. ಬಂಡೆಗಳ ಸಾಲಿನ ವಿಷಯದಲ್ಲಿಯೂ ಅದನ್ನು ಕೇಳಬೇಕಾಗಿದೆ.

೩

ಈ ಪ್ರದೇಶದ ಪ್ರಾಚೀನ ಶಿಲಾವಶೇಷಗಳನ್ನು ವಿದ್ವತ್‌ಲೋಕದ ಗಮನಕ್ಕೆ ತಂದವರು ಮೆಡೋಸ್ ಟೇಲರ್. ಸುರಪುರದ ಅರಸನು ಬಾಲಕನಾಗಿದ್ದ ಕಾಲದಲ್ಲಿ ಆ ಸಂಸ್ಥಾನದ ಆಡಳಿತವನ್ನು ನೋಡಿಕೊಳ್ಳಲು 1841ರಲ್ಲಿ ಬಂದ ಇವರು 1853ರ ವರೆಗೆ ಅಲ್ಲಿದ್ದರು. ಸುರಪುರ ಸಂಸ್ಥಾನದ ಕಲ್ಮನೆಗಳು, ಕಲ್ಗುಪ್ಪೆಗಳು ಮತ್ತು ಕಲ್ಲುಸಾಲುಗಳ ಮೇಲೆ ಅವರು ಬರೆದ ಪ್ರಬಂಧವು ರಾಯಲ್ ಏಷಿಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಯ ಪತ್ರಿಕೆಯಲ್ಲಿ 1853ರಲ್ಲಿ ಪ್ರಕಟವಾಯಿತು. ಪ್ರಬಂಧದ ಶೀರ್ಷಿಕೆಯಲ್ಲಿಯೇ ಟೇಲರರು ಇವನ್ನು ‘ಸಿಥೋ-ಡ್ರೂಯಿಡ್’ ಅವಶೇಷಗಳೆಂದು ಕರೆದರು. ಇಂಗ್ಲೆಂಡ್ ಮತ್ತು ಫ್ರಾನ್ಸುಗಳ ನಿಲುವುಗಲ್ಲುಗಳಿಗೂ ಇವಕ್ಕೂ ಇರುವ ಹೋಲಿಕೆಯನ್ನು ಕಂಡು, ಮಧ್ಯ ಏಷ್ಯದ ಸಿಥಿಯನರೊಡನೆಯೂ ಯೂರೋಪಿನ ಡ್ರೂಯಿಡ್ ಪುರೋಹಿತರೊಡನೆಯೂ ಇವನ್ನು ಜೋಡಿಸಿದರು.

ಈ ಅಭಿಪ್ರಾಯವನ್ನು ಈಗ ಯಾವ ವಿದ್ವಾಂಸರೂ ಒಪ್ಪುವುದಿಲ್ಲ. ಹೋಲಿಕೆಯೇ ಸಂಬಂಧಕ್ಕೆ ಸಾಕ್ಷಿಯೆಂದು ಟೇಲರರು ಭಾವಿಸಿದರು. ಬೆಟ್ಟದಲ್ಲಿ ಬುದ್ಧನನ್ನು ಕಂಡಂತೆ ಬಂಡೆಗಳಲ್ಲಿ ಡ್ರೂಯಿಡರನ್ನು ಕಂಡರು. ಉತ್ತರ ಕರ್ನಾಟಕದ ಹಳ್ಳಿಗರು ಇಂತಹ ಕಲ್ಮನೆಗಳನ್ನು ಮೋರೇರ ಮನೆಗಳೆಂದು ಕರೆಯುವುದಕ್ಕೂ ಟೇಲರರ ಸಿದ್ಧಾಂತಕ್ಕೂ ತರ್ಕದ ದೃಷ್ಟಿಯಿಂದ ಬಹಳ ಅಂತರವಿಲ್ಲ. ಒಂದು ಜನಪದದ ಕಲ್ಪನೆ, ಇನ್ನೊಂದು ವಿದ್ಯಾವಂತನ ಕಲ್ಪನೆ.

ಹಾಗಿದ್ದರೂ ಟೇಲರರನ್ನು ನಾವು ಇಂದಿಗೂ ಓದುತ್ತೇವೆ. ಭೀಮಾತೀರದಲ್ಲಿಯೂ ಸುರಪುರ ಸೀಮೆಯಲ್ಲಿಯೂ ತಾವು ಅಗೆಸಿದ ಗೋರಿಗಳ ಪದರಗಳನ್ನು ಅವರು ಸೀಳುನೋಟದ ಚಿತ್ರಗಳಾಗಿ ಬರೆದಿಟ್ಟರು. ಎಲುಬು ಎಲ್ಲಿತ್ತು, ಮಡಕೆ ಎಲ್ಲಿತ್ತು, ಮೇಲಿನ ಮಣ್ಣು ಯಾವುದು, ಕೆಳಗಿನದು ಯಾವುದು ಎಂಬುದನ್ನು ಗುರುತಿಸಿದರು. ನೂರು ವರ್ಷಗಳ ತರುವಾಯ ಮಾರ್ಟಿಮರ್ ವೀಲರರಂತಹ ಪುರಾತತ್ವಜ್ಞರು ಈ ಚಿತ್ರಗಳನ್ನು ಮೆಚ್ಚಿ ಕೊಂಡಾಡಿದ್ದಾರೆ. ಟೇಲರರ ಡ್ರೂಯಿಡರು ಹೋದರು. ಅವರ ಚಿತ್ರಗಳು ಉಳಿದವು. ತಾನು ತಪ್ಪಿದ್ದರೆ ಮುಂದಿನವರು ಅದನ್ನು ಕಂಡುಹಿಡಿಯಲು ಬೇಕಾದ ಸಾಮಗ್ರಿಯನ್ನು ತಾನೇ ಒದಗಿಸಿಡುವುದು ವಿಜ್ಞಾನದ ನಡತೆ. ಈ ಅರ್ಥದಲ್ಲಿ ಟೇಲರರು ತಮ್ಮ ಸಿದ್ಧಾಂತಕ್ಕಿಂತ ಹೆಚ್ಚು ವೈಜ್ಞಾನಿಕರಾಗಿದ್ದರು.

೪

ರಾಯಚೂರು ಜಿಲ್ಲೆಯ ಪಿಕ್ಲಿಹಾಳದ ಉತ್ಖನನದಿಂದ ಹೆಸರಾದ ರೇಮಂಡ್ ಆಲ್ಚಿನ್ ಅವರು 1956ರಲ್ಲಿ ‘ಮ್ಯಾನ್’ ಎಂಬ ಮಾನವಶಾಸ್ತ್ರದ ಪತ್ರಿಕೆಯಲ್ಲಿ ದಕ್ಷಿಣ ಹೈದರಾಬಾದಿನ ಕಲ್ಲುಸಾಲುಗಳನ್ನು ಕುರಿತು ಬರೆದರು. ನಮ್ಮ ಸೀಮೆಯು ಆಗ ಹೈದರಾಬಾದ್ ರಾಜ್ಯದಲ್ಲಿತ್ತು. ಆಲ್ಚಿನ್ನರ ಮುಖ್ಯ ಉಪಕಾರವೆಂದರೆ, ಒಂದೊಂದು ನಿವೇಶನವನ್ನೂ ಪ್ರತ್ಯೇಕ ವಿಚಿತ್ರವೆಂದು ನೋಡದೆ ಇವೆಲ್ಲವನ್ನೂ ಒಂದು ವರ್ಗವಾಗಿ ಕಂಡು, ಬಂಡೆಗಳನ್ನು ಚೌಕದ ಮೂಲೆಗಳಲ್ಲಿ ಇಟ್ಟಿರುವ ಬಗೆಯೆಂದೂ ಕರ್ಣರೇಖೆಗಳಾಗಿ ಇಟ್ಟಿರುವ ಬಗೆಯೆಂದೂ ವಿಂಗಡಿಸಿದುದು. ಅರ್ಥ ಹೇಳುವುದಕ್ಕೆ ಮೊದಲು ವಿಂಗಡಿಸಬೇಕೆಂಬ ಪಾಠವನ್ನು ಇಲ್ಲಿ ಕಲಿಯಬಹುದು.

ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಎನ್. ಕಾಮೇಶ್ವರ ರಾವ್ ಅವರು 1993ರಲ್ಲಿ ಭಾರತೀಯ ಖಗೋಳ ಸಮಾಜದ ಪತ್ರಿಕೆಯಲ್ಲಿ ವಿಭೂತಿಹಳ್ಳಿಯ ಸಾಲುಗಳ ದಿಕ್ಕನ್ನೇ ವಿಷಯವಾಗಿಸಿ ಬರೆದರು. ಸಾಲುಗಳಿಗೂ ವರ್ಷದ ವಿಶೇಷ ದಿನಗಳಲ್ಲಿ ಸೂರ್ಯನು ಹುಟ್ಟಿ ಮುಳುಗುವ ದಿಕ್ಕುಗಳಿಗೂ ಸಂಬಂಧವಿರಬಹುದೆಂಬುದು ಅವರ ವಾದದ ತಿರುಳು. 2005ರಲ್ಲಿ ಭಾರತದ ಪ್ರಾಗೈತಿಹಾಸಿಕ ಖಗೋಳಜ್ಞಾನವನ್ನು ಕುರಿತು ಬರೆಯುವಾಗ ಹನಮಸಾಗರದ ವಿಶಾಲವಾದ ಕಲ್ಲುಸಾಲುಗಳನ್ನೂ ಚರ್ಚೆಗೆ ತೆಗೆದುಕೊಂಡರು. ಖಗೋಳವಿಜ್ಞಾನಿಯೊಬ್ಬರು ನಮ್ಮ ಬಯಲಿಗೆ ಬಂದು ದಿಕ್ಕುಗಳನ್ನು ಅಳೆದು ಪ್ರಕಟಿಸಿದುದು ದೊಡ್ಡ ಉಪಕಾರ. ‘ವೇಧಶಾಲೆ’ ಎಂಬ ಜನಪ್ರಿಯ ಮಾತು ಇಂತಹ ಲೇಖನಗಳ ಎಚ್ಚರಿಕೆಯ ‘ಇರಬಹುದು’ಗಳನ್ನು ಬಿಟ್ಟು, ‘ಇದೆ’ ಎಂಬ ನಿಶ್ಚಯವನ್ನು ತಾನಾಗಿ ಸೇರಿಸಿಕೊಂಡಿದೆ. ನಮ್ಮ ಆಕ್ಷೇಪವಿರುವುದು ಈ ನಿಶ್ಚಯದ ಮೇಲೆ.

೫

ಆಕ್ಷೇಪವನ್ನು ಲೆಕ್ಕದಿಂದಲೇ ವಿವರಿಸುವುದು ಮೇಲು. ಶಹಾಪುರದ ಅಕ್ಷಾಂಶವು ಸುಮಾರು 16.7 ಡಿಗ್ರಿ ಉತ್ತರ. ಈ ಅಕ್ಷಾಂಶದಲ್ಲಿ, ದಿಗಂತವು ಸಮವಾಗಿದ್ದರೆ, ಜೂನ್ 21ರ ಸುಮಾರಿಗೆ ಸೂರ್ಯನು ನೇರ ಪೂರ್ವದಿಂದ ಸುಮಾರು 24.5 ಡಿಗ್ರಿ ಉತ್ತರಕ್ಕೆ ಸರಿದು ಹುಟ್ಟುತ್ತಾನೆ. ಡಿಸೆಂಬರ್ 22ರ ಸುಮಾರಿಗೆ ಅಷ್ಟೇ ದಕ್ಷಿಣಕ್ಕೆ ಸರಿದು ಹುಟ್ಟುತ್ತಾನೆ. ಮೂರು ಸಾವಿರ ವರ್ಷಗಳ ಹಿಂದೆ ಭೂಮಿಯ ಅಕ್ಷದ ಓರೆಯು ಸ್ವಲ್ಪ ಹೆಚ್ಚಾಗಿತ್ತು. ಆದರೂ ಆಗಿನ ದಿಕ್ಕಿಗೂ ಈಗಿನದಕ್ಕೂ ಅರ್ಧ ಡಿಗ್ರಿಯಷ್ಟು ಕೂಡ ಅಂತರವಿಲ್ಲ.

ಈಗ ಪೂರ್ವಪಶ್ಚಿಮಕ್ಕೂ ದಕ್ಷಿಣೋತ್ತರಕ್ಕೂ ಸರಿಯಾಗಿ ಹೊಂದಿದ, ಚೌಕಚೌಕವಾದ ಕಲ್ಲುಗಳ ಜಾಲವೊಂದನ್ನು ಊಹಿಸಿಕೊಳ್ಳೋಣ. ಇದರಲ್ಲಿ ಮೂಲೆಯಿಂದ ಮೂಲೆಗೆ ಹೋಗುವ ಕರ್ಣರೇಖೆ 45 ಡಿಗ್ರಿಯದು. ಅದು ಸೂರ್ಯನಿಗೆ ಹೊಂದುವುದಿಲ್ಲ. ಆದರೆ ಎರಡು ಕಲ್ಲು ಪೂರ್ವಕ್ಕೆ, ಒಂದು ಕಲ್ಲು ಉತ್ತರಕ್ಕೆ ಹೋಗಿ, ಚದುರಂಗದ ಕುದುರೆಯ ನಡೆಯಂತೆ ಗೆರೆ ಎಳೆದರೆ ಅದು 26.6 ಡಿಗ್ರಿಯ ದಿಕ್ಕನ್ನು ತೋರಿಸುತ್ತದೆ. ಜೂನ್ ತಿಂಗಳ ಸೂರ್ಯೋದಯಕ್ಕೂ ಇದಕ್ಕೂ ಎರಡು ಡಿಗ್ರಿಯಷ್ಟೇ ವ್ಯತ್ಯಾಸ! ಬೆಳಗಿನ ಮಸುಕಿನಲ್ಲಿ ಕಲ್ಲಿನ ಹಿಂದೆ ನಿಂತು ಇದನ್ನು ಕಂಡವನಿಗೆ ಪೂರ್ವಿಕರ ಗುಟ್ಟು ಹೊಳೆದಂತಾಗುವುದು ಸಹಜ.

ಆದರೆ ಈ ಜಾಲವನ್ನು ನೆಟ್ಟವರು ಸೂರ್ಯನನ್ನು ಸ್ಮರಿಸಿಯೇ ಇರಲಿಲ್ಲವೆಂದು ಇಟ್ಟುಕೊಂಡರೂ ಆ ಗೆರೆ ಅಲ್ಲಿ ಇದ್ದೇ ಇರುತ್ತದೆ. ಚೌಕಜಾಲವೆಂದ ಮೇಲೆ ಅದರಲ್ಲಿ ಗೆರೆಗಳು ಬಹಳ. ಯಾವ ಕಡೆಗೂ ಮೂರು ಕಲ್ಲುಗಳನ್ನು ಮೀರದ ನಡೆಗಳನ್ನು ಮಾತ್ರ ಎಣಿಸಿದರೂ 32 ದಿಕ್ಕುಗಳು ಸಿಗುತ್ತವೆ. ಒಂದೊಂದು ದಿಕ್ಕಿನ ಎರಡು ಬದಿಗೂ ಎರಡೂವರೆ ಡಿಗ್ರಿ ರಿಯಾಯಿತಿ ಕೊಟ್ಟರೆ, ದಿಗಂತದ 360 ಡಿಗ್ರಿಗಳಲ್ಲಿ 160 ಡಿಗ್ರಿಗಳು ಯಾವುದೋ ಒಂದು ಗೆರೆಗೆ ‘ಹೊಂದಿದ’ ದಿಕ್ಕುಗಳೇ ಆಗುತ್ತವೆ. ಅಂದರೆ ಸೂರ್ಯನನ್ನು ಬಿಟ್ಟು ತನ್ನ ಸೋದರಮಾವನ ಊರಿನ ದಿಕ್ಕನ್ನು ಹುಡುಕಹೊರಟವನಿಗೂ ನೂರಕ್ಕೆ ನಲವತ್ತನಾಲ್ಕು ಪಾಲು ಯಶಸ್ಸು ಕಾದಿರುತ್ತದೆ. ಕರ್ಣರೇಖೆಯ ಜಾಲದಲ್ಲಿ, ಚೌಕದ ನಡುವಿನ ಕಲ್ಲುಗಳನ್ನೂ ಸೇರಿಸಿಕೊಂಡರೆ, ಗೆರೆಗಳು ಇನ್ನೂ ಹೆಚ್ಚುತ್ತವೆ.

ಈ ಪ್ರಶ್ನೆ ಒಬ್ಬ ವಿದ್ವಾಂಸರಿಗೆ ಹಾಕಿದುದಲ್ಲ. ಕಲ್ಲುಗಳಿಂದ ಆಕಾಶಕ್ಕೆ ಗೆರೆ ಎಳೆಯುವ ಯಾವ ವಾದಕ್ಕೂ ಅದು ಸಲ್ಲುತ್ತದೆ. ಇಂಗ್ಲೆಂಡಿನ ಸ್ಟೋನ್‌ಹೆಂಜ್ ಕಲ್ಲುಗಳು ಗ್ರಹಣಗಳನ್ನು ಲೆಕ್ಕಹಾಕುವ ಸಾಧನವಾಗಿದ್ದವೆಂದು ಜೆರಾಲ್ಡ್ ಹಾಕಿನ್ಸ್ 1965ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದಾಗ, ಆ ನಿವೇಶನವನ್ನು ಅಗೆದು ಬಲ್ಲ ರಿಚರ್ಡ್ ಅಟ್ಕಿನ್‌ಸನ್ ಮರುವರ್ಷವೇ ಅದನ್ನು ಕಟುವಾಗಿ ಖಂಡಿಸಿದರು. ಗೆರೆಗಳು ಬಹಳವಾಗಿದ್ದಾಗ ಕೆಲವು ಆಕಾಶಕ್ಕೆ ಹೊಂದುವುದು ಆಕಸ್ಮಿಕವೂ ಆಗಬಹುದೆಂಬುದು ಆ ಚರ್ಚೆಯ ಒಂದು ಮುಖ್ಯ ಅಂಶ. ನಮ್ಮ ನೆರೆಯಲ್ಲಿಯೇ, ಕೃಷ್ಣೆಯ ದಂಡೆಯ ಮುಡುಮಾಲದ ನಿಲುವುಗಲ್ಲುಗಳ ಬಳಿಯ ಬಂಡೆಯೊಂದರ ಮೇಲಿನ ಕುಳಿಗಳಲ್ಲಿ ಸಪ್ತರ್ಷಿಮಂಡಲವನ್ನು ಗುರುತಿಸಿದ ವಾದವು 2011ರಲ್ಲಿ ಪ್ರಕಟವಾಗಿದೆ; ಆ ನಿವೇಶನವು 2025ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿದೆ. ಅಲ್ಲಿಯೂ ಇದೇ ಪ್ರಶ್ನೆ ಬರುತ್ತದೆ: ಬಂಡೆಯ ಮೇಲೆ ಕುಳಿಗಳು ಎಷ್ಟಿವೆ, ಅವುಗಳಲ್ಲಿ ಎಷ್ಟನ್ನು ಆರಿಸಿಕೊಂಡಿದ್ದೇವೆ?

ಹಾಗಾದರೆ ಖಗೋಳಸಂಬಂಧವನ್ನು ಸ್ಥಾಪಿಸುವ ಮಾರ್ಗವೇ ಇಲ್ಲವೇ? ಇದೆ. ಯಾವ ಗೆರೆಯನ್ನು ಪರೀಕ್ಷಿಸುತ್ತೇವೆ ಎಂಬುದನ್ನು ಅಳೆಯುವುದಕ್ಕೆ ಮೊದಲೇ ಬರೆದಿಡಬೇಕು. ಹೊಂದದ ಗೆರೆಗಳನ್ನೂ ಹೊಂದಿದವುಗಳ ಪಕ್ಕದಲ್ಲಿಯೇ ಪ್ರಕಟಿಸಬೇಕು. ಒಂದು ನಿವೇಶನದಲ್ಲಿ ಕಂಡ ನಿಯಮವು ಇನ್ನೊಂದು ನಿವೇಶನದಲ್ಲಿಯೂ ಕಾಣುವುದೇ ಎಂದು ನೋಡಬೇಕು. ಮತ್ತೊಂದು ಸೂಚನೆಯನ್ನೂ ಇಲ್ಲಿ ಮಾಡಬಹುದು. ಸಾಲುಗಳು ನಿಜವಾದ ಪೂರ್ವಪಶ್ಚಿಮಕ್ಕೆ ಒಂದು ಡಿಗ್ರಿಯೊಳಗೆ ಹೊಂದುವುದಾದರೆ, ಅವನ್ನು ನೆಟ್ಟವರು ನೆರಳನ್ನೋ ನಕ್ಷತ್ರವನ್ನೋ ನೋಡಿ ದಿಕ್ಕನ್ನು ಸಾಧಿಸುವುದನ್ನು ಬಲ್ಲವರಾಗಿದ್ದರೆಂದು ಹೇಳಲು ಗಟ್ಟಿಯಾದ ಆಧಾರ ದೊರೆಯುತ್ತದೆ. ‘ವೇಧಶಾಲೆ’ ಎಂಬುದಕ್ಕಿಂತ ಇದು ಸಣ್ಣ ಮಾತು. ಆದರೆ ಇದನ್ನು ಪರೀಕ್ಷಿಸಬಹುದು.

೬

ಈ ಸಣ್ಣ ಮಾತನ್ನು ಪರೀಕ್ಷಿಸಲು ಬೇಕಾದ ಉಪಕರಣವು ಒಂದು ಕೋಲು, ಒಂದು ಹಗ್ಗ. ನೆಟ್ಟ ಶಂಕುವಿನ ಸುತ್ತ ವೃತ್ತವನ್ನು ಬರೆದು, ಬೆಳಗ್ಗೆ ಮತ್ತು ಮಧ್ಯಾಹ್ನದ ನಂತರ ನೆರಳಿನ ತುದಿಯು ಆ ವೃತ್ತವನ್ನು ಮುಟ್ಟುವ ಎರಡು ಬಿಂದುಗಳನ್ನು ಕೂಡಿಸಿದರೆ ಪೂರ್ವಪಶ್ಚಿಮ ರೇಖೆ ಸಿಗುತ್ತದೆ. ಕಾತ್ಯಾಯನ ಶುಲ್ಬಸೂತ್ರದಲ್ಲಿ ಹೇಳಿರುವ ಕ್ರಮ ಇದೇ. ದಿಕ್ಸೂಚಿಯ ಮುಳ್ಳು ನಿಜವಾದ ಉತ್ತರವನ್ನು ಬಿಟ್ಟು ಸ್ವಲ್ಪ ಸರಿದಿರುವುದರಿಂದ, ಇಂತಹ ಕೆಲಸದಲ್ಲಿ ಶಂಕುವು ಅದಕ್ಕಿಂತ ನಂಬಲರ್ಹವಾದ ಗುರು.

ಅದೇ ಶಂಕು ವಿದ್ಯಾರ್ಥಿಗೆ ಖಗೋಳದ ಮೊದಲ ಪಾಠಗಳನ್ನೂ ಹೇಳಿಕೊಡುತ್ತದೆ. ಒಂದು ಮೀಟರು ಎತ್ತರದ ಕೋಲನ್ನು ಶಹಾಪುರದ ಕಾಲೇಜಿನ ಅಂಗಳದಲ್ಲಿ ನೆಟ್ಟರೆ, ವಿಷುವದ್ದಿನದ ನಡುಹಗಲಿನಲ್ಲಿ ಅದರ ನೆರಳು 30 ಸೆಂಟಿಮೀಟರು ಇರಬೇಕು. ಡಿಸೆಂಬರ್ 22ರಂದು 84 ಸೆಂಟಿಮೀಟರು. ಮೇ ತಿಂಗಳ ಮೊದಲ ವಾರದ ಕೊನೆಯಲ್ಲಿ ಒಮ್ಮೆ, ಆಗಸ್ಟ್ ಮೊದಲ ವಾರದ ಕೊನೆಯಲ್ಲಿ ಇನ್ನೊಮ್ಮೆ ನೆರಳು ಪೂರ್ತಿ ಕಾಲಡಿಗೆ ಬಂದು ಇಲ್ಲದಂತಾಗಬೇಕು. ಇವೆರಡರ ನಡುವೆ, ಜೂನ್ 21ರಂದು, ಸುಮಾರು 12 ಸೆಂಟಿಮೀಟರು ನೆರಳು ದಕ್ಷಿಣಕ್ಕೆ ಬೀಳಬೇಕು. ಈ ಸಂಖ್ಯೆಗಳನ್ನು ವಿದ್ಯಾರ್ಥಿಯು ಅಕ್ಷಾಂಶದಿಂದ ತಾನೇ ಲೆಕ್ಕಹಾಕಿ, ಕಾಗದದ ಮೇಲೆ ಮೊದಲೇ ಬರೆದಿಟ್ಟು, ಆಮೇಲೆ ಅಂಗಳಕ್ಕೆ ಹೋಗಬೇಕು.

ಮಾರ್ಚ್ 21ರಂದು ಗಡಿಯಾರದಲ್ಲಿ ಹನ್ನೆರಡು ಹೊಡೆದಾಗ ಅಳೆದವನಿಗೆ 30ರ ಬದಲು 33 ಸೆಂಟಿಮೀಟರು ಸಿಗುತ್ತದೆ. ಈ ಘಳಿಗೆಯಲ್ಲಿ ಅಧ್ಯಾಪಕನು ಏನು ಮಾಡುತ್ತಾನೆ ಎಂಬುದರ ಮೇಲೆ ಪಾಠದ ಫಲವೆಲ್ಲ ನಿಂತಿದೆ. ‘30 ಎಂದೇ ಬರೆದುಕೊ’ ಎಂದರೆ ಅಲ್ಲಿಗೆ ವಿಜ್ಞಾನ ಮುಗಿಯಿತು. ಆ ಮೂರು ಸೆಂಟಿಮೀಟರುಗಳ ಬೆನ್ನು ಹತ್ತಿದರೆ ವಿದ್ಯಾರ್ಥಿಯು ದೂರ ಸಾಗುತ್ತಾನೆ. ಕೋಲು ನೆಟ್ಟಗಿತ್ತೆ? ಇತ್ತು. ಅಳತೆಪಟ್ಟಿ ಸರಿಯೇ? ಸರಿ. ಹಾಗಾದರೆ ಗಡಿಯಾರ? ಭಾರತದ ಅಧಿಕೃತ ಕಾಲವು 82.5 ಡಿಗ್ರಿ ಪೂರ್ವ ರೇಖಾಂಶದ್ದು; ಶಹಾಪುರವು ಅದರಿಂದ ಐದೂವರೆ ಡಿಗ್ರಿಗೂ ಹೆಚ್ಚು ಪಶ್ಚಿಮದಲ್ಲಿದೆ. ಆದುದರಿಂದ ಇಲ್ಲಿಯ ನಡುಹಗಲು ಸರಾಸರಿ 23 ನಿಮಿಷ ತಡ. ಮಾರ್ಚ್ ವಿಷುವದಲ್ಲಿ ಸುಮಾರು ಹನ್ನೆರಡೂವರೆಗೆ ಬರುತ್ತದೆ. ತಪ್ಪಿದ ಅಳತೆಯಿಂದ ವಿದ್ಯಾರ್ಥಿಯು ದೇಶದ ಕಾಲಮಾನವನ್ನೇ ಕಂಡುಕೊಂಡನು. ಸರಿಯಾದ ಅಳತೆಯಿಂದ ಇಷ್ಟು ಲಾಭವಾಗುತ್ತಿರಲಿಲ್ಲ.

೭

ಆಕಾಶವನ್ನು ನೋಡಿ ಭವಿಷ್ಯವನ್ನು ಹೇಳುವ ಇನ್ನೊಂದು ಪದ್ಧತಿಯ ಸುಪ್ರಸಿದ್ಧ ಪ್ರಸಂಗವೂ ನಮ್ಮ ಸೀಮೆಯದೇ. ಅದನ್ನು ಬಿಟ್ಟರೆ ಈ ವಿಮರ್ಶೆ ಅಪೂರ್ಣವಾದೀತು. ಸುರಪುರದ ಅರಸ ನಾಲ್ವಡಿ ವೆಂಕಟಪ್ಪನಾಯಕರು ಬ್ರಿಟಿಷರ ವಿರುದ್ಧ ಎದ್ದು ಸೆರೆಸಿಕ್ಕು, 1858ರಲ್ಲಿ ಬಂಧನದಲ್ಲಿರುವಾಗಲೇ ಗುಂಡಿನಿಂದ ಮಡಿದರು. ಅರಸರು ಇಪ್ಪತ್ತನಾಲ್ಕನೆಯ ವಯಸ್ಸನ್ನು ದಾಟುವುದಿಲ್ಲವೆಂದು ಅವರ ಜಾತಕದಲ್ಲಿ ಬರೆದಿತ್ತೆಂದೂ, ಅದು ಹಾಗೆಯೇ ನಡೆಯಿತೆಂದೂ ಟೇಲರರು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಈ ಗ್ರಂಥವು ಅವರ ಮರಣಾನಂತರ 1877ರಲ್ಲಿ ಪ್ರಕಟವಾಯಿತು. ತರಗತಿಯಲ್ಲಿ ಗ್ರಹಗತಿಯ ಮಾತು ಬಂದಾಗ ಇಂತಹ ಪ್ರಸಂಗಗಳನ್ನು ಉದಾಹರಿಸಿ, ‘ಇದಕ್ಕೇನೆನ್ನುವಿರಿ?’ ಎಂದು ಕೇಳುವ ವಿದ್ಯಾರ್ಥಿಗಳಿರುತ್ತಾರೆ.

ಅವರನ್ನು ಗದರಿಸಿ ಕೂರಿಸುವುದು ಸರಿಯಲ್ಲ. ಪ್ರಶ್ನೆಗೆ ಪ್ರಶ್ನೆಯಿಂದಲೇ ಉತ್ತರ ಕೊಡಬೇಕು. ಭವಿಷ್ಯವು ಬರಹದಲ್ಲಿ ನಮ್ಮ ಕೈಗೆ ಬಂದುದು ಘಟನೆಗೆ ಮೊದಲೋ, ನಂತರವೋ? ನಂತರ. ಹೇಳಿದವರಿಗೆ ಅರಸರ ಅಂತ್ಯವು ಆಗಲೇ ತಿಳಿದಿತ್ತು. ಆ ಕಾಲದಲ್ಲಿ ಸಂಸ್ಥಾನಗಳಲ್ಲಿ ಬರೆದ ಜಾತಕಗಳು ಎಷ್ಟು? ಅವುಗಳಲ್ಲಿ ಸುಳ್ಳಾದವುಗಳನ್ನು ಯಾರಾದರೂ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾರೆಯೇ? ತಪ್ಪಿದ ಭವಿಷ್ಯಗಳಿಗೆ ಚರಿತ್ರೆಕಾರರಿಲ್ಲ. ಫಲಿಸಿದುದು ಮಾತ್ರ ಕಥೆಯಾಗಿ ಉಳಿಯುತ್ತದೆ. ಹೊಂದಿದ ಗೆರೆಯನ್ನು ಮಾತ್ರ ಎಣಿಸಿ ಹೊಂದದ ಗೆರೆಗಳನ್ನು ಮರೆಯುವ ಕಲ್ಲುಸಾಲಿನ ವಾದಕ್ಕೂ ಇದಕ್ಕೂ ಇರುವ ನಂಟನ್ನು ಓದುಗರು ಗಮನಿಸಬೇಕು. ಜಾತಕವನ್ನು ಅಲ್ಲಗಳೆಯುವ ನಾವು, ಅದೇ ತರ್ಕವು ಪೂರ್ವಿಕರ ಕೀರ್ತಿಯ ವೇಷದಲ್ಲಿ ಬಂದಾಗ ಚಪ್ಪಾಳೆ ತಟ್ಟುವುದು ಪ್ರಾಮಾಣಿಕತೆಯಲ್ಲ.

೮

ಟೇಲರರು ಸುರಪುರವನ್ನು ಬಿಟ್ಟ ಹದಿನೈದು ವರ್ಷಗಳ ತರುವಾಯ, 1868ರ ಆಗಸ್ಟ್ 18ರಂದು, ಖಗ್ರಾಸ ಸೂರ್ಯಗ್ರಹಣದ ನೆರಳು ಈ ನೆಲದ ಮೇಲೆಯೇ ಹಾದುಹೋಯಿತು. ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್, ವಿಜಾಪುರದಲ್ಲಿ ಕ್ಯಾಪ್ಟನ್ ಹೇಗ್, ವನಪರ್ತಿಯಲ್ಲಿ ಮದರಾಸು ವೇಧಶಾಲೆಯ ಚಿಂತಾಮಣಿ ರಘುನಾಥಾಚಾರಿ, ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಮುಂತಾದವರು ಉಪಕರಣಗಳನ್ನು ಹೂಡಿ ಕಾದರು. ಶಹಾಪುರವು ವಿಜಾಪುರಕ್ಕೂ ವನಪರ್ತಿಗೂ ನಡುವೆ ಇದೆ. ಅಂದು ಸೂರ್ಯನ ಅಂಚಿನ ಜ್ವಾಲೆಗಳ ರೋಹಿತದಲ್ಲಿ ಹೊಳೆಯುವ ಗೆರೆಗಳು ಕಂಡವು. ಆ ಜ್ವಾಲೆಗಳು ಕಾದು ಹೊಳೆಯುವ ಅನಿಲವೆಂದು ತಿಳಿಯಿತು. ಅವುಗಳಲ್ಲಿ ಒಂದು ಹಳದಿ ಗೆರೆಯಿತ್ತು. ಅದು ಸೋಡಿಯಮ್ಮಿನದೆಂದು ಭಾವಿಸುವುದು ಸುಲಭವಾಗಿತ್ತು, ಏಕೆಂದರೆ ಸೋಡಿಯಂ ಗೆರೆಗಳು ಅದರ ಹತ್ತಿರದಲ್ಲಿಯೇ ಇವೆ. ಆದರೆ ‘ಹತ್ತಿರ’ವೆಂಬುದು ಸಾಲದೆ, ಇಂಗ್ಲೆಂಡಿನಲ್ಲಿ ಲಾಕಿಯರ್ ಅದರ ಸ್ಥಾನವನ್ನು ಅಳೆದು ಸೋಡಿಯಮ್ಮಿಗೆ ಹೊಂದದೆಂದು ಕಂಡರು. ಹೀಲಿಯಂ ಎಂಬ ಹೊಸ ಧಾತುವನ್ನು ಸೂಚಿಸಿದಾಗ ಅನೇಕರು ಒಪ್ಪಲಿಲ್ಲ. 1895ರಲ್ಲಿ ರಾಮ್ಸೆ ಅದೇ ಗೆರೆಯನ್ನು ಭೂಮಿಯ ಖನಿಜವೊಂದರಿಂದ ಹೊರಟ ಅನಿಲದಲ್ಲಿ ಕಂಡಾಗ ವಿವಾದ ತೀರಿತು. ಇಪ್ಪತ್ತೇಳು ವರ್ಷ ಆ ಮಾತು ‘ಇರಬಹುದು’ ಆಗಿಯೇ ಇತ್ತು. ಅದರಿಂದ ಯಾರ ಗೌರವಕ್ಕೂ ಕುಂದುಬರಲಿಲ್ಲ.

ಇಲ್ಲಿ ರಘುನಾಥಾಚಾರಿಯವರನ್ನು ಮತ್ತೊಮ್ಮೆ ನೆನೆಯಬೇಕು. 1874ರ ಡಿಸೆಂಬರಿನಲ್ಲಿ ಶುಕ್ರನು ಸೂರ್ಯಬಿಂಬವನ್ನು ದಾಟುವ ಸಂದರ್ಭದಲ್ಲಿ ಜನರಿಗಾಗಿ ಅವರು ಬರೆದ ಪುಸ್ತಿಕೆಯು ಪ್ರಶ್ನೋತ್ತರದ ರೂಪದಲ್ಲಿದೆ. ಬೆರಗನ್ನು ಸುರಿಯುವ ಬದಲು ಕೇಳುವವನ ಸಂದೇಹವನ್ನೇ ಪಾಠದ ಬೆನ್ನೆಲುಬಾಗಿ ಮಾಡಿಕೊಂಡ ಈ ಕ್ರಮವು ನೂರೈವತ್ತು ವರ್ಷಗಳ ಹಿಂದಿನದು. ನಮ್ಮ ಪಠ್ಯಪುಸ್ತಕಗಳು ಇಂದಿಗೂ ಅದನ್ನು ಪೂರ್ತಿಯಾಗಿ ಮೈಗೂಡಿಸಿಕೊಂಡಿಲ್ಲ.

೯

ಸಂದೇಹವನ್ನು ಹೀಗೆ ಎತ್ತಿಹಿಡಿಯುವುದರಿಂದ ಹಿಂದುಳಿದ ಪ್ರದೇಶವೆನಿಸಿಕೊಂಡ ನಮ್ಮ ಸೀಮೆಗೆ ಇರುವ ಒಂದು ಹೆಮ್ಮೆಯೂ ಹೋದೀತೆಂದು ಕೆಲವರು ಮರುಗಬಹುದು. ಆ ಮರುಕವನ್ನು ನಾವು ಲಘುವಾಗಿ ಕಾಣುವುದಿಲ್ಲ. ಆದರೆ ಬೇಗನೆ ಒಪ್ಪಿಬಿಟ್ಟ ಕೀರ್ತಿಯು ಕಲ್ಲುಗಳಿಗೆ ರಕ್ಷಣೆ ಕೊಡುವುದಿಲ್ಲ. ನಿರ್ಣಯವಾಗಿಹೋಯಿತೆಂದ ಮೇಲೆ ಅಳೆಯುವವರು ಯಾರು? ಅಳೆಯುವವರಿಲ್ಲದ ಬಯಲಿನಲ್ಲಿ ಒಂದು ಬಂಡೆ ಕಡಿಮೆಯಾದರೆ ತಿಳಿಯುವುದು ಹೇಗೆ? ಕಾಲುವೆಯ ನೀರು ಬಂದ ಸೀಮೆಯಲ್ಲಿ ಹೊಲಕ್ಕೆ ಬೆಲೆಯಿದೆ, ರಸ್ತೆಗೂ ಮನೆಗೂ ಕಲ್ಲು ಬೇಕು. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯ ಫಲಕವು ನಿವೇಶನಕ್ಕೆ ಇದ್ದರೂ, ಒಂದೊಂದು ಕಲ್ಲಿನ ಲೆಕ್ಕವನ್ನು ಫಲಕವು ಇಡಲಾರದು.

ಒಂದು ಕಲ್ಲು ಹೋದರೆ ಆಗುವ ನಷ್ಟವನ್ನೂ ಲೆಕ್ಕದಿಂದ ಹೇಳಬಹುದು. ಒಂದೂವರೆ ಮೀಟರು ಅಗಲದ ಬಂಡೆಯನ್ನು ಹನ್ನೆರಡು ಮೀಟರು ದೂರದ ಬಂಡೆಯ ಬಳಿಯಿಂದ ನೋಡಿದರೆ ಅದು ಏಳು ಡಿಗ್ರಿಗಳಷ್ಟು ದಿಗಂತವನ್ನು ಮುಚ್ಚುತ್ತದೆ. ಅಷ್ಟು ಅಗಲದಲ್ಲಿ ಸೂರ್ಯನಂತಹ ಹದಿಮೂರು ಬಿಂಬಗಳು ಹಿಡಿಯುತ್ತವೆ. ಇದರಿಂದ ಯಾವ ದಿಕ್ಕನ್ನೂ ನಿರ್ಣಯಿಸಲಾಗದು. ಅದೇ ಸಾಲು 120 ಮೀಟರು ಉದ್ದವಿದ್ದು, ಕೊನೆಯ ಬಂಡೆ ತನ್ನ ಸ್ಥಾನದಲ್ಲಿಯೇ ಇದ್ದರೆ, ಅದು ಮುಚ್ಚುವುದು ಮುಕ್ಕಾಲು ಡಿಗ್ರಿಗೂ ಕಡಿಮೆ. ಆಗ ನಿರ್ಣಯವು ಸಾಧ್ಯ. ಸಾಲಿನ ತುದಿಯ ಕಲ್ಲುಗಳು ಹೋದಂತೆಲ್ಲ ಪ್ರಶ್ನೆಯ ಉತ್ತರವು ಮಸುಕಾಗುತ್ತ ಹೋಗುತ್ತದೆ. ಎಲ್ಲವೂ ಹೋದ ದಿನ ವೇಧಶಾಲೆಯೆಂಬುವವರೂ ಅಲ್ಲವೆಂಬುವವರೂ ಸಮಾನರಾಗುತ್ತಾರೆ; ಇಬ್ಬರಿಗೂ ಉಳಿಯುವುದು ನಂಬಿಕೆ ಮಾತ್ರ.

ಆದುದರಿಂದ ಈ ಭಾಗದ ಕಾಲೇಜುಗಳ ಇತಿಹಾಸ ಮತ್ತು ಭೌತವಿಜ್ಞಾನ ವಿಭಾಗಗಳು ಒಟ್ಟುಗೂಡಿ, ಇಲಾಖೆಯ ಅನುಮತಿಯನ್ನು ಪಡೆದು, ವಿಭೂತಿಹಳ್ಳಿಯ ಪ್ರತಿಯೊಂದು ಬಂಡೆಗೂ ನಕ್ಷೆಯಲ್ಲಿ ಒಂದು ಸಂಖ್ಯೆಯನ್ನು ಕೊಟ್ಟು, ಅದರ ಸ್ಥಾನವನ್ನೂ ಅಳತೆಯನ್ನೂ ದಾಖಲು ಮಾಡಬೇಕೆಂದು ನಾವು ಸೂಚಿಸುತ್ತೇವೆ. ಪರೀಕ್ಷಿಸಬೇಕಾದ ಗೆರೆಗಳನ್ನು ಮೊದಲೇ ಬರೆದಿಡಲಿ. ಫಲ ಏನೇ ಬಂದರೂ ಅದನ್ನು ಪ್ರಕಟಿಸಲಿ. ನಕ್ಷೆಯನ್ನು ವಿದ್ಯಾರ್ಥಿಗಳೇ ಬರೆಯಲಿ. ಮುಂದೊಂದು ದಿನ ಈ ಲೇಖನದ ಸಂದೇಹವು ತಪ್ಪೆಂದು ಅವರಲ್ಲಿ ಒಬ್ಬರು ಆ ನಕ್ಷೆಯನ್ನು ಹಿಡಿದು ತೋರಿಸಿದರೆ, ಅದನ್ನು ಇದೇ ಪತ್ರಿಕೆಯಲ್ಲಿ ಓದುವುದು ನಮಗೆ ಸಂತೋಷದ ಸಂಗತಿ.